ಮನೆಯಲ್ಲಿ ಆ್ಯಕ್ಷನ್ ಸಿನಿಮಾ: ಡಿಸ್ಕ್, ಟಿವಿ, ಚಿತ್ರದ ಗುಣಮಟ್ಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆ್ಯಕ್ಷನ್ ಸಿನಿಮಾಗಳ ಡಿಸ್ಕ್ ಕೂಡಿಡುವುದು ವಿಸಿಡಿ ಕಾಲದಿಂದಲೂ ನನಗಿರುವ ಹುಚ್ಚು. ಗೆಳೆಯರು, ನೆಂಟರು, ಪತ್ರ ಬರೆದವರು, ಕಾಮೆಂಟ್ ಹಾಕಿದವರು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಅವೇ. ಹಾಗಾಗಿ ಅವರದೇ ಮಾತಿನಲ್ಲಿ ಪ್ರಶ್ನೆ ಬರೆದು ಒಂದು ಕಡೆ ಉತ್ತರ ಕೊಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿ. ಡಿಸ್ಕ್ ಕೊಂಡು ಅಭ್ಯಾಸ ಇರುವವರು ನೇರ ಕೊನೆಯ ಭಾಗಕ್ಕೆ ಹೋದರೂ ಸರಿ.

## ಮೊದಲು ತಿಳಿಯಬೇಕಾದ್ದು

ಡಿವಿಡಿ, ಬ್ಲೂ-ರೇ, 4ಕೆ ಎಲ್ಲಾ ನೋಡೋಕೆ ಒಂದೇ ಥರ ಸಿಡಿ ಅಲ್ವಾ? ಏನು ಅಂಥ ವ್ಯತ್ಯಾಸ?

ಹೊರಗಿನಿಂದ ಒಂದೇ ಥರ, ಒಳಗೆ ತುಂಬಿರುವುದು ಬೇರೆ. ಟಿವಿ ಚಿತ್ರ ಅಂದರೆ ಸಾಲುಸಾಲಾಗಿ ಜೋಡಿಸಿದ ಚುಕ್ಕೆಗಳು. ನಮ್ಮ ಕಡೆಯ ಟಿವಿಗಳು ಬಳಸುತ್ತಿದ್ದ ಪಾಲ್ ಪದ್ಧತಿಯ ವಿಸಿಡಿಯಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆ. ಡಿವಿಡಿಯಲ್ಲಿ 720 ಮತ್ತು 576. 2006ರಲ್ಲಿ ಬಂದ ಬ್ಲೂ-ರೇಯಲ್ಲಿ 1920 ಮತ್ತು 1080. 2016ರಲ್ಲಿ ಬಂದ 4ಕೆ ಡಿಸ್ಕ್‌ನಲ್ಲಿ 3840 ಮತ್ತು 2160. ಗುಣಿಸಿ ನೋಡಿದರೆ ಡಿವಿಡಿಗಿಂತ ಬ್ಲೂ-ರೇಗೆ ಐದು ಪಟ್ಟು, ಬ್ಲೂ-ರೇಗಿಂತ 4ಕೆಗೆ ನಾಲ್ಕು ಪಟ್ಟು ಚುಕ್ಕೆ ಜಾಸ್ತಿ.

ಆದರೆ ಚುಕ್ಕೆ ಎಣಿಸಿ ಡಿಸ್ಕ್ ಕೊಳ್ಳಬೇಡಿ. ಚೆನ್ನಾಗಿ ಮಾಡಿದ ಬ್ಲೂ-ರೇ, ಕೆಟ್ಟದಾಗಿ ಮಾಡಿದ 4ಕೆಗಿಂತ ಎಷ್ಟೋ ಮೇಲು. ಅದು ಹೇಗೆ ಅನ್ನುವುದೇ ಈ ಪುಟದ ಮುಕ್ಕಾಲು ಭಾಗ.

ವಿಸಿಡಿಯಲ್ಲಿ ಮಾತಿನ ಸೀನ್ ಸರಿಯಾಗೇ ಇರ್ತಿತ್ತು. ಫೈಟ್ ಶುರುವಾದ ತಕ್ಷಣ ಚೌಕ ಚೌಕ ಆಗ್ತಿತ್ತು. ಯಾಕೆ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಮನೆಯಲ್ಲಿ ನೋಡುವಾಗ ಆ್ಯಕ್ಷನ್ ಸಿನಿಮಾಗೇ ಯಾಕೆ ಪೆಟ್ಟು ಜಾಸ್ತಿ ಅನ್ನುವುದಕ್ಕೆ ಉತ್ತರ ಇದರಲ್ಲೇ ಇದೆ.

ಸಿನಿಮಾ ಅಂದರೆ ಸೆಕೆಂಡಿಗೆ 24 ಚಿತ್ರ. ಅಷ್ಟನ್ನೂ ಪೂರ್ತಿ ಪೂರ್ತಿ ಬರೆದಿಡಲು ಯಾವ ಡಿಸ್ಕ್‌ನಲ್ಲೂ ಜಾಗ ಇಲ್ಲ. ಅದಕ್ಕೆ ಒಂದು ಉಪಾಯ. ಒಂದು ಚಿತ್ರವನ್ನು ಪೂರ್ತಿ ಬರೆದು, ಆಮೇಲೆ ಬಂದವುಗಳಲ್ಲಿ ಏನು ಬದಲಾಯಿತು ಅನ್ನುವುದನ್ನು ಮಾತ್ರ ಬರೆಯುತ್ತಾರೆ. ಇಬ್ಬರು ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದರೆ ಹಿಂದಿನ ಗೋಡೆ ಬದಲಾಗುವುದಿಲ್ಲ, ಬರೆಯಬೇಕಾದ್ದು ಕಡಿಮೆ. ಫೈಟ್‌ನಲ್ಲಿ ಹಾಗಲ್ಲ. ಕ್ಯಾಮೆರಾ ಅಲುಗುತ್ತದೆ, ಗಾಜು ಒಡೆಯುತ್ತದೆ, ಧೂಳು ಏಳುತ್ತದೆ, ಎರಡು ಸೆಕೆಂಡಿಗೊಮ್ಮೆ ಶಾಟ್ ಬದಲಾಗುತ್ತದೆ. ಪ್ರತಿ ಚಿತ್ರವೂ ಹೆಚ್ಚೂಕಡಿಮೆ ಹೊಸದೇ.

ವಿಸಿಡಿಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 1.15 ಮೆಗಾಬಿಟ್ ಮಾಹಿತಿ ಅಂತ ಲೆಕ್ಕ ಕಟ್ಟಿಟ್ಟಿದ್ದರು. ಮಾತಿಗೂ ಅಷ್ಟೇ, ಬಾಂಬ್ ಸಿಡಿದರೂ ಅಷ್ಟೇ. ಸಾಲದೇ ಹೋದಾಗ ಚಿತ್ರ ಚೌಕಗಳಾಗಿ ಒಡೆದು ಕಾಣುತ್ತಿತ್ತು. ಡಿವಿಡಿಯಲ್ಲಿ ಸುಮ್ಮನೆ ಕೂತ ಸೀನ್‌ನಲ್ಲಿ ಉಳಿಸಿದ್ದನ್ನು ಫೈಟ್‌ಗೆ ಖರ್ಚು ಮಾಡಲು ದಾರಿ ಸಿಕ್ಕಿತು. ಜಾಗವೂ ಹೆಚ್ಚಾಯಿತು. ಬ್ಲೂ-ರೇಯಲ್ಲಿ ಚಿತ್ರಕ್ಕೇ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಹೋಗಬಹುದು.

ಯಾವುದೇ ಡಿಸ್ಕ್ ಪರೀಕ್ಷೆ ಮಾಡಬೇಕು ಅಂದರೆ ಮಳೆ, ಹೊಗೆ, ಧೂಳು, ನೀರು ಇರುವ ಫೈಟ್ ಹಾಕಿ ನೋಡಿ. ನಾಯಕನ ಮುಖದ ಕ್ಲೋಸಪ್ ಎಲ್ಲಾ ಡಿಸ್ಕ್‌ನಲ್ಲೂ ಚೆನ್ನಾಗೇ ಕಾಣುತ್ತದೆ.

ಓಟಿಟಿಯಲ್ಲೂ 4ಕೆ ಅಂತ ಬರೆದಿರುತ್ತೆ. ಮತ್ತೆ ದುಡ್ಡು ಕೊಟ್ಟು ಡಿಸ್ಕ್ ಯಾಕೆ ತರಬೇಕು?

ಚುಕ್ಕೆಗಳ ಲೆಕ್ಕ ಎರಡಕ್ಕೂ ಒಂದೇ, ಪ್ರತಿ ಸೆಕೆಂಡಿಗೆ ಬರುವ ಮಾಹಿತಿ ಒಂದೇ ಅಲ್ಲ. ಓಟಿಟಿಯ 4ಕೆ ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ಸುತ್ತ ಇರುತ್ತದೆ. 4ಕೆ ಡಿಸ್ಕ್ ಚಿತ್ರ, ಧ್ವನಿ ಎಲ್ಲಾ ಸೇರಿ 128ರವರೆಗೂ ಹೋಗಬಹುದು. ಹಗಲಿನ ಸೀನ್‌ನಲ್ಲಿ ನನಗೂ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ರಾತ್ರಿ ಮಳೆಯಲ್ಲಿ ಓಡುವ ಕಾರು ಬರಲಿ, ಆಗ ನೋಡಿ. ಓಟಿಟಿಯಲ್ಲಿ ಕತ್ತಲೆಯ ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಡಿಸ್ಕ್‌ನಲ್ಲಿ ನಯವಾಗಿ ಇಳಿಯುತ್ತದೆ.

ಒಮ್ಮೆ ನೋಡಿ ಮರೆಯುವ ಸಿನಿಮಾಗೆ ಓಟಿಟಿ ಸಾಕು. ವರ್ಷಕ್ಕೊಮ್ಮೆಯಾದರೂ ಮತ್ತೆ ನೋಡುವ ಸಿನಿಮಾ ಆದರೆ ಡಿಸ್ಕ್ ತನ್ನಿ.

ಅಷ್ಟು ದೊಡ್ಡ ಟಿವಿ ತಂದಿದೀವಿ, ಆದ್ರೂ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತಲ್ಲ. ಹೇಗೆ ತೆಗೆಯೋದು?

ತೆಗೆಯಬೇಡಿ. ಟಿವಿಯ ಅಗಲ ಎತ್ತರದ 1.78 ಪಟ್ಟು. ಬಹಳಷ್ಟು ಆ್ಯಕ್ಷನ್ ಸಿನಿಮಾಗಳು 2.39 ಪಟ್ಟು ಅಗಲವಾಗಿರುತ್ತವೆ. ಪಟ್ಟಿ ಇದೆ ಅಂದರೆ ನಿಮಗೆ ಪೂರ್ತಿ ಚಿತ್ರ ಸಿಕ್ಕಿದೆ ಅಂತ. ಝೂಮ್ ಮಾಡಿದರೆ ಎಡಬಲದಲ್ಲಿ ನಿಂತ ಖಳರು ಹೊರಗೆ ಹೋಗುತ್ತಾರೆ. ಕ್ಯಾಸೆಟ್ ಕಾಲದಲ್ಲಿ ಚೌಕ ಟಿವಿಗೆ ಹೊಂದಿಸಲು ಅಂಚು ಕತ್ತರಿಸಿಯೇ ಕೊಡುತ್ತಿದ್ದರು. ಯಾರೋ ಗುಂಡು ಹಾರಿಸುತ್ತಾರೆ, ಯಾರಿಗೆ ತಾಗಿತು ಅಂತಲೇ ಗೊತ್ತಾಗುತ್ತಿರಲಿಲ್ಲ.

ಕೆಲವು ಡಿಸ್ಕ್‌ಗಳಲ್ಲಿ ಪಟ್ಟಿ ತಾನಾಗೇ ಬಂದು ಹೋಗುತ್ತದೆ. 2008ರ ‘ದಿ ಡಾರ್ಕ್ ನೈಟ್’ನಲ್ಲಿ ಸುಮಾರು 28 ನಿಮಿಷ, ಹೆಚ್ಚು ಎತ್ತರದ ಚಿತ್ರ ಹಿಡಿಯುವ ಐಮ್ಯಾಕ್ಸ್ ಕ್ಯಾಮೆರಾದಲ್ಲಿ ತೆಗೆದಿದ್ದು. ಮೊದಲ ಬ್ಯಾಂಕ್ ದರೋಡೆ ಪೂರ್ತಿ ಟಿವಿ ತುಂಬುತ್ತದೆ, ಆಮೇಲೆ ಪಟ್ಟಿ ಬರುತ್ತದೆ. ನಿಮ್ಮ ಟಿವಿ ಕೆಟ್ಟಿಲ್ಲ.

ಹೊಸ ಟಿವಿಯಲ್ಲಿ ದೊಡ್ಡ ದೊಡ್ಡ ಸಿನಿಮಾನೂ ಸೀರಿಯಲ್ ಥರ ಕಾಣುತ್ತೆ. ನನಗೆ ಮಾತ್ರ ಹಾಗೆ ಅನಿಸ್ತಿದೆಯಾ?

ನಿಮಗೆ ಮಾತ್ರ ಅಲ್ಲ. ಟಾಮ್ ಕ್ರೂಸ್‌ಗೂ ಹಾಗೇ ಅನಿಸಿತ್ತು. 2018ರ ಡಿಸೆಂಬರ್‌ನಲ್ಲಿ ಅವರು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಜೊತೆ ನಿಂತು ಒಂದು ವಿಡಿಯೊ ಮಾಡಿ, ಟಿವಿಯ ಈ ಸೆಟ್ಟಿಂಗ್ ಆಫ್ ಮಾಡಿ ಅಂತ ಎಲ್ಲರನ್ನೂ ಕೇಳಿಕೊಂಡರು.

ಸೆಕೆಂಡಿಗೆ 24 ಚಿತ್ರ ಅಂದೆನಲ್ಲ, ಟಿವಿ ಅವುಗಳ ನಡುವೆ ತಾನೇ ಹೊಸ ಚಿತ್ರ ಹುಟ್ಟಿಸಿ ಸೇರಿಸುತ್ತದೆ. ಕ್ರಿಕೆಟ್‌ಗೆ ಅದು ಪರವಾಗಿಲ್ಲ. ಸಿನಿಮಾದಲ್ಲಿ ಹೊಡೆತದ ಭಾರವೇ ಹೋಗಿಬಿಡುತ್ತದೆ, ಎಲ್ಲಾ ಜಾರಿದ ಹಾಗೆ ಕಾಣುತ್ತದೆ. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅನ್ನುವ ಹೆಸರಿನಲ್ಲಿ ಇರುತ್ತದೆ. ಈಚಿನ ಟಿವಿಗಳಲ್ಲಿ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನು ಒತ್ತಿ, ಎಲ್ಲಾ ಒಟ್ಟಿಗೆ ಆಫ್ ಆಗುತ್ತದೆ.

## ಸ್ವಲ್ಪ ಒಳಗೆ ಹೋದವರಿಗೆ

ಬ್ಲೂ-ರೇ ತರಿಸಿದೆ. ಚಿತ್ರದ ತುಂಬಾ ಸಣ್ಣ ಸಣ್ಣ ಕಾಳು ಓಡಾಡ್ತಿದೆ. ಡಿಸ್ಕ್ ವಾಪಸ್ ಕಳಿಸಲಾ?

ದಯವಿಟ್ಟು ಕಳಿಸಬೇಡಿ. ಅದು ಗ್ರೇನ್. ಫಿಲ್ಮ್‌ನ ಮೇಲೆ ಬೆಳ್ಳಿಯ ಲವಣದ ಸಣ್ಣ ಹರಳುಗಳಿರುತ್ತವೆ. ಬೆಳಕು ಬಿದ್ದಾಗ ಚಿತ್ರ ಮೂಡುವುದು ಅವುಗಳಿಂದಲೇ. ನೀವು ನೋಡುತ್ತಿರುವ ಕಾಳು ಆ ಹರಳುಗಳ ಗುರುತು. ಅದು ಚಿತ್ರದ ಮೇಲೆ ಕೂತ ಧೂಳಲ್ಲ, ಚಿತ್ರ ಆಗಿರುವುದೇ ಅದರಿಂದ. ಕಡಿಮೆ ಬೆಳಕಿನಲ್ಲಿ ತೆಗೆದ ಸೀನ್‌ಗೆ ಹೆಚ್ಚು ಸೂಕ್ಷ್ಮವಾದ ಫಿಲ್ಮ್ ಬೇಕು, ಅದರ ಹರಳು ದಪ್ಪ, ಹಾಗಾಗಿ ಕಾಳು ಜಾಸ್ತಿ.

ಮೂರು ಮೀಟರ್ ದೂರ ಕೂತು ನೋಡಿ. ಹತ್ತು ನಿಮಿಷದಲ್ಲಿ ಕಾಳು ಮರೆತುಹೋಗಿ ಬಟ್ಟೆಯ ನೇಯ್ಗೆ, ಮುಖದ ಬೆವರು ಕಾಣತೊಡಗುತ್ತದೆ.

‘ಪ್ರೆಡೇಟರ್’ 2010ರ ಬ್ಲೂ-ರೇ ಎಷ್ಟು ಕ್ಲೀನಾಗಿದೆ! ಅದನ್ನ ಯಾಕೆ ಎಲ್ಲಾ ಬೈತಾರೆ?

ಹಳೆಯ ಸಿನಿಮಾವನ್ನು ಮನೆಗೆ ತರುವಾಗ ಏನು ಮಾಡಬಾರದು ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಡಿಸ್ಕನ್ನೇ.

1987ರ ಸಿನಿಮಾ. ಮೆಕ್ಸಿಕೊದ ದಟ್ಟ ಕಾಡಿನಲ್ಲಿ ತೆಗೆದಿದ್ದು. ಎಲೆಗಳ ನಡುವೆ ಬೆಳಕು ಕಡಿಮೆ, ಆದ್ದರಿಂದ ಗ್ರೇನ್ ಜಾಸ್ತಿ. 2008ರ ಮೊದಲ ಬ್ಲೂ-ರೇಯಲ್ಲಿ ಅದು ಹಾಗೇ ಇತ್ತು. ಆ ಡಿಸ್ಕ್ ಒರಟು, ಚಿತ್ರ ಕುಗ್ಗಿಸಿ ಬರೆಯುವ ವಿಧಾನವೂ (ಕಂಪ್ರೆಷನ್) ಹಳೆಯದು. ಜನ ಮೆಚ್ಚಲಿಲ್ಲ. 2010ರಲ್ಲಿ ಹೊಸ ಆವೃತ್ತಿ ಬಂತು. ಈ ಸಲ ಕಂಪ್ಯೂಟರ್‌ನಲ್ಲಿ ಗ್ರೇನ್ ಒರೆಸಿ ಹಾಕಿದ್ದರು. ಇದಕ್ಕೆ ಡಿಎನ್ಆರ್ ಅನ್ನುತ್ತಾರೆ.

ಯಂತ್ರಕ್ಕೆ ಗ್ರೇನ್ ಯಾವುದು, ಚರ್ಮದ ರಂಧ್ರ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡೂ ಸಣ್ಣವು, ಎರಡನ್ನೂ ಒರೆಸುತ್ತದೆ. ಅರ್ನಾಲ್ಡ್ ಶ್ವಾರ್ಜ್‌ನೆಗರ್ ಮುಖ ಮೇಣದ ಬೊಂಬೆಯ ಹಾಗಾಯಿತು. ಬೆವರು, ಮಣ್ಣು, ಗಡ್ಡದ ಮೊಳಕೆ ಎಲ್ಲಾ ಹೋಯಿತು. ಕಾಡಿನಲ್ಲಿ ಸಿಕ್ಕಿಬಿದ್ದು ಒದ್ದಾಡುವ ಗಂಡಸರ ಕಥೆ ಅದು. ಅವರ ಮೈಮೇಲಿನ ಕೊಳೆ ಹೋದರೆ ಕಥೆಯ ಅರ್ಧ ಹೋದಂತೆ.

2018ರ 4ಕೆಯಲ್ಲಿ ಗ್ರೇನ್ ಮರಳಿ ಬಂತು. ಎರಡನ್ನೂ ಅಕ್ಕಪಕ್ಕ ಹಾಕಿ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ನಮ್ಮ ಮನೆಯಲ್ಲಿ ಹಾಗೆ ತೋರಿಸಿದಾಗ ನನ್ನ ತಂಗಿ, ಸಿನಿಮಾ ತಂತ್ರದ ಗಂಧಗಾಳಿ ಇಲ್ಲದವಳು, 2010ರದ್ದನ್ನು ನೋಡಿ ‘ಇವರಿಗೆಲ್ಲ ಪೌಡರ್ ಹಚ್ಚಿದಾರಲ್ಲ’ ಅಂದಳು.

ಒಂದು ಬ್ಲೂ-ರೇಯಲ್ಲಿ ಬಾಣಗಳೇ ಮಾಯವಾಗಿದ್ವಂತೆ. ನಿಜಾನಾ?

ನಿಜ. ‘ಗ್ಲ್ಯಾಡಿಯೇಟರ್’, 2009ರ ಬ್ಲೂ-ರೇ. ಫಿಲ್ಮ್‌ನ ಮೇಲಿನ ಕೊಳೆ, ಗೀರು ತೆಗೆಯುವ ಸಾಫ್ಟ್‌ವೇರ್ ಇದೆ. ಒಂದೇ ಒಂದು ಫ್ರೇಮ್‌ನಲ್ಲಿ ಕಂಡು ಮುಂದಿನದರಲ್ಲಿ ಇಲ್ಲದ ಚುಕ್ಕೆಯನ್ನು ಅದು ಕೊಳೆ ಅಂದುಕೊಳ್ಳುತ್ತದೆ. ಮೊದಲ ಯುದ್ಧದಲ್ಲಿ ಬೆಂಕಿ ಹತ್ತಿದ ಬಾಣಗಳು ಎಷ್ಟು ವೇಗವಾಗಿ ಹಾರುತ್ತವೆ ಅಂದರೆ, ಸಾಫ್ಟ್‌ವೇರ್ ಕೆಲವನ್ನು ಕೊಳೆ ಅಂತಲೇ ಅಳಿಸಿತ್ತು. ಕೂತು ನೋಡುವ ಒಂದು ಜೋಡಿ ಕಣ್ಣು ಇದ್ದಿದ್ದರೆ ಇದು ಆಗುತ್ತಿರಲಿಲ್ಲ. 2010ರಲ್ಲಿ ಸರಿಪಡಿಸಿದ ಡಿಸ್ಕ್ ಬಂತು. ಸೆಕೆಂಡ್ ಹ್ಯಾಂಡ್‌ನಲ್ಲಿ ತರುವವರು ವರ್ಷ ನೋಡಿ ತನ್ನಿ.

1980ರ ಸಿನಿಮಾ 4ಕೆ ಹೇಗೆ ಆಗುತ್ತೆ? ಆಗ 4ಕೆ ಅನ್ನೋದೇ ಇರಲಿಲ್ಲ ಅಲ್ವಾ?

ಫಿಲ್ಮ್ ಇತ್ತಲ್ಲ. ಚೆನ್ನಾಗಿ ತೆಗೆದ 35 ಎಂಎಂ ನೆಗೆಟಿವ್‌ನಲ್ಲಿ ಬ್ಲೂ-ರೇಗಿಂತ ಹೆಚ್ಚಿನ ವಿವರ ಅಡಗಿರುತ್ತದೆ. ಅದನ್ನು ಸ್ಕ್ಯಾನ್ ಮಾಡಿದರೆ 1988ರ ‘ಡೈ ಹಾರ್ಡ್’ ಕೂಡ ನಿಜವಾದ 4ಕೆ ಆಗುತ್ತದೆ.

ವಿಚಿತ್ರ ಏನೆಂದರೆ ಈಚಿನ ಎಷ್ಟೋ ಸಿನಿಮಾಗಳು ಆಗುವುದಿಲ್ಲ. 2000ದ ನಂತರ ಎಡಿಟಿಂಗ್, ಬಣ್ಣ, ಗ್ರಾಫಿಕ್ಸ್ ಎಲ್ಲಾ ಕಂಪ್ಯೂಟರ್‌ಗೆ ಹೋಯಿತು, ಬಹಳ ವರ್ಷ ಆ ಕೆಲಸ 2ಕೆಯಲ್ಲೇ, ಅಂದರೆ ಹೆಚ್ಚೂಕಡಿಮೆ ಬ್ಲೂ-ರೇಯಷ್ಟೇ ಚುಕ್ಕೆಗಳಲ್ಲಿ, ಮುಗಿಯುತ್ತಿತ್ತು. 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದು 2ಕೆಯಲ್ಲಿ ಮುಗಿಸಿದ ಸಿನಿಮಾ. ಅದರ 4ಕೆ ಡಿಸ್ಕ್ ಹಿಗ್ಗಿಸಿದ್ದು. ಹಾಗಂತ ದಂಡ ಅಲ್ಲ. ನಮೀಬಿಯಾ ಮರುಭೂಮಿಯ ಕಿತ್ತಳೆ, ಬೆಂಕಿಯ ಹೊಳಪು ಬ್ಲೂ-ರೇಗೆ ಸಿಕ್ಕದ ಮಟ್ಟದಲ್ಲಿವೆ. ಅದು ಮುಂದಿನ ಪ್ರಶ್ನೆಯ ವಿಷಯ.

ಎಚ್‌ಡಿಆರ್ ಹಾಕಿದ್ರೆ ಚಿತ್ರ ಕತ್ತಲೆ ಆಗುತ್ತೆ. ಇದೇನಾ ಅಷ್ಟು ಹೊಗಳೋದು?

ಎಚ್‌ಡಿಆರ್ ಅಂದರೆ 4ಕೆ ಡಿಸ್ಕ್, ಟಿವಿಗಳಲ್ಲಿ ಕತ್ತಲೆ-ಬೆಳಕಿನ ಅಂತರ ಹಿಗ್ಗಿಸುವ ವಿಧಾನ, ಪೂರ್ತಿ ಚಿತ್ರಕ್ಕೆ ಹೊಳಪು ಏರಿಸುವುದಲ್ಲ. ಗುಂಡಿನ ಕಿಡಿ, ಕಾರಿನ ಹೆಡ್‌ಲೈಟ್ ಮಾತ್ರ ನಿಜವಾದ ಹಾಗೆ ಹೊಳೆದು, ಉಳಿದದ್ದು ಮಾಮೂಲಿಯಾಗಿ ಇರಬೇಕು. ಬಣ್ಣದ ಮೆಟ್ಟಿಲುಗಳೂ ಜಾಸ್ತಿ. ಬ್ಲೂ-ರೇಯಲ್ಲಿ ಒಂದೊಂದು ಮೂಲ ಬಣ್ಣಕ್ಕೆ 256 ಹಂತ, 4ಕೆ ಡಿಸ್ಕ್‌ನಲ್ಲಿ 1024.

ಡಿಸ್ಕನ್ನು 1000 ಅಥವಾ 4000 ನಿಟ್ ಹೊಳಪಿನ ಪರದೆ ನೋಡಿ ಸಿದ್ಧಮಾಡಿರುತ್ತಾರೆ. ಕಡಿಮೆ ಬೆಲೆಯ ಟಿವಿಗೆ ಅದರ ಮೂರನೇ ಒಂದು ಭಾಗವೂ ಕಷ್ಟ. ಕಿಡಿಗೆ ಜಾಗ ಮಾಡಿಕೊಡಲು ಅದು ಇಡೀ ಚಿತ್ರವನ್ನೇ ತಗ್ಗಿಸಿಬಿಡುತ್ತದೆ. ಅಂಥ ಟಿವಿ ಇದ್ದರೆ ಬ್ಲೂ-ರೇ ನೋಡುವುದೇ ಮೇಲು. ಒಳ್ಳೆಯ ಟಿವಿ ಆಗಿದ್ದರೆ ಕೋಣೆಯ ಲೈಟ್ ಆರಿಸಿ, ಪವರ್ ಸೇವಿಂಗ್ ಆಫ್ ಮಾಡಿ, ಮತ್ತೊಮ್ಮೆ ನೋಡಿ.

## ಆಳಕ್ಕೆ ಇಳಿದವರಿಗೆ

‘ದಿ ಮ್ಯಾಟ್ರಿಕ್ಸ್’ ಹಸಿರಾಗಿರಬೇಕಾ? ನನ್ನ ಹಳೇ ಡಿವಿಡಿಯಲ್ಲಿ ಅಷ್ಟು ಹಸಿರಿಲ್ಲ.

ನಿಮ್ಮ ಹಳೇ ಡಿವಿಡಿಯೇ ಮೂಲಕ್ಕೆ ಹತ್ತಿರ. 1999ರಲ್ಲಿ ಥಿಯೇಟರ್‌ಗೆ ಬಂದಾಗ ಹಸಿರು ಛಾಯೆ ಇತ್ತು, ಆದರೆ ಹಿತವಾಗಿತ್ತು. ಮುಂದಿನ ಎರಡು ಭಾಗಗಳು 2003ರಲ್ಲಿ ಬಂದವು, ಅವು ಇನ್ನೂ ಹಸಿರು. ಆಮೇಲೆ ಬಂದ ಡಿವಿಡಿ, ಬ್ಲೂ-ರೇಗಳಲ್ಲಿ ಮೊದಲ ಭಾಗವನ್ನೂ ಅವಕ್ಕೆ ಹೊಂದುವ ಹಾಗೆ ಬಣ್ಣ ಬದಲಿಸಿದರು. ಒಂದು ಇಡೀ ಪೀಳಿಗೆ ಅದನ್ನೇ ನಿಜವಾದ ಬಣ್ಣ ಅಂದುಕೊಂಡು ಬೆಳೆಯಿತು. 2018ರ 4ಕೆಯನ್ನು ಛಾಯಾಗ್ರಾಹಕ ಬಿಲ್ ಪೋಪ್ ಮೇಲ್ವಿಚಾರಣೆಯಲ್ಲಿ ಮಾಡಿದರು, ಚರ್ಮದ ಬಣ್ಣ ಚರ್ಮದ ಹಾಗೆ ಬಂತು. ಛಾಯಾಗ್ರಾಹಕರು ಕೂತು ನೋಡಿದ್ದಾರಾ ಅಂತ ಡಿಸ್ಕ್ ತರುವ ಮೊದಲು ಹುಡುಕಿ. ಎಷ್ಟು ಕೆ ಅನ್ನುವುದಕ್ಕಿಂತ ಅದು ಮುಖ್ಯ.

‘ಟ್ರೂ ಲೈಸ್’ 4ಕೆ ಬಂದಾಗ ಯಾಕಷ್ಟು ಜಗಳ ಆಯ್ತು? ನಿರ್ದೇಶಕರೇ ಒಪ್ಪಿದಾರಲ್ಲ?

1994ರ ಸಿನಿಮಾ. ಬಹಳ ವರ್ಷ ಇದರ ಸರಿಯಾದ ಬ್ಲೂ-ರೇ ಇರಲಿಲ್ಲ, ಜನ ಕಾದೂ ಕಾದೂ ಸುಸ್ತಾಗಿದ್ದರು. 2024ರ ಮಾರ್ಚ್‌ನಲ್ಲಿ ‘ಏಲಿಯನ್ಸ್’, ‘ದಿ ಅಬಿಸ್’ ಜೊತೆಗೆ ಇದರ 4ಕೆ ಡಿಸ್ಕ್ ಬಂತು. ನ್ಯೂಜಿಲೆಂಡ್‌ನ ಪಾರ್ಕ್ ರೋಡ್ ಪೋಸ್ಟ್‌ನಲ್ಲಿ ಕೃತಕ ಬುದ್ಧಿಮತ್ತೆಯ ಸಹಾಯದಿಂದ ಗ್ರೇನ್ ತೆಗೆದು, ಅಂಚುಗಳನ್ನು ಚೂಪು ಮಾಡಿದ್ದರು. ಹಳೆಯ ಡಿಎನ್ಆರ್ ಬರೀ ಒರೆಸುತ್ತಿತ್ತು. ಇದು ಒರೆಸಿದ ಜಾಗದಲ್ಲಿ ತಾನೇ ಊಹಿಸಿ ಬರೆಯುತ್ತದೆ. ಹಿಂದೆ ನಿಂತವರ ಮುಖ, ಕೂದಲಿನ ಎಳೆ, ಸಣ್ಣ ಅಕ್ಷರಗಳು ಬರೆದ ಚಿತ್ರದ ಹಾಗೆ ಕಾಣುತ್ತವೆ.

ನಿರ್ದೇಶಕ ಜೇಮ್ಸ್ ಕ್ಯಾಮೆರಾನ್ ಈ ಕೆಲಸವನ್ನು ಸಮರ್ಥಿಸಿಕೊಂಡರು. ಅವರ ಸಿನಿಮಾ, ಅವರಿಗೆ ಹಕ್ಕಿದೆ, ಒಪ್ಪುತ್ತೇನೆ. ‘ದಿ ಅಬಿಸ್’ ಮೂರರಲ್ಲಿ ಚೆನ್ನಾಗಿದೆ, ನೋಡಿ ಖುಷಿಪಟ್ಟೆ. ಆದರೆ ‘ಟ್ರೂ ಲೈಸ್’ ನೋಡುವಾಗ ನನ್ನ ಕಣ್ಣು ಕಥೆಯಿಂದ ಹೊರಗೆ ಬರುತ್ತಲೇ ಇತ್ತು. ಅಂದು ಸೆಟ್‌ನಲ್ಲಿ ಲೈಟ್ ಹಾಕಿದವರು, ಕ್ಯಾಮೆರಾ ಹಿಡಿದವರು, ಮೇಕಪ್ ಮಾಡಿದವರು ಎಷ್ಟೋ ಜನ. ಅವರೆಲ್ಲರ ಕೆಲಸ ಆ ನೆಗೆಟಿವ್‌ನಲ್ಲಿ ಇದೆ. ನನಗೆ ನೋಡಬೇಕಾಗಿರುವುದು ಅದು, ಯಂತ್ರದ ಊಹೆ ಅಲ್ಲ. ಅವರದೇ ‘ಟರ್ಮಿನೇಟರ್ 2’ ಕೂಡ 2017ರ 4ಕೆಯಲ್ಲಿ 3ಡಿಗೆ ಮಾಡಿದ ನಯವಾದ ಪ್ರತಿಯಿಂದ ಬಂತು, ಮುಖಗಳು ಅಲ್ಲೂ ಮೇಣ.

ಒಂದೇ ಸಿನಿಮಾ, ಒಂದು ಡಿವಿಡಿಯಲ್ಲಿ 120 ನಿಮಿಷ, ಇನ್ನೊಂದರಲ್ಲಿ 115. ಸೆನ್ಸಾರ್ ಕಟ್ ಆಗಿದೆಯಾ?

ಕಟ್ ಆಗಿರಲೇಬೇಕು ಅಂತಿಲ್ಲ. ಪಾಲ್ ಟಿವಿ ಸೆಕೆಂಡಿಗೆ 25 ಚಿತ್ರ ಕೇಳುತ್ತದೆ. 24ರ ಸಿನಿಮಾವನ್ನು ಸುಮ್ಮನೆ ಶೇಕಡ 4ರಷ್ಟು ಬೇಗ ಓಡಿಸುತ್ತಿದ್ದರು. ಎರಡು ಗಂಟೆಗೆ ಐದು ನಿಮಿಷ ಉಳಿಯುತ್ತದೆ. ಧ್ವನಿಯೂ ಸ್ವಲ್ಪ ಏರುತ್ತದೆ. ಸಿನಿಮಾದ ಹಾಡು, ಹಿನ್ನೆಲೆ ಸಂಗೀತ ಬಾಯಿಪಾಠ ಇರುವವರಿಗೆ ಶ್ರುತಿ ತಪ್ಪಿದ್ದು ತಕ್ಷಣ ಗೊತ್ತಾಗುತ್ತದೆ. ಬ್ಲೂ-ರೇಯಲ್ಲಿ 24 ಹಾಗೇ ಬರುವುದರಿಂದ ಈ ತೊಂದರೆ ಸಾಮಾನ್ಯವಾಗಿ ಇಲ್ಲ.

ಅಮೆರಿಕದಲ್ಲಿರೋ ಅಣ್ಣ ಡಿಸ್ಕ್ ತರ್ತಾನೆ. ಇಲ್ಲಿ ಓಡುತ್ತಾ?

4ಕೆ ಡಿಸ್ಕ್ ಆದರೆ ಓಡುತ್ತದೆ, ಅದಕ್ಕೆ ರೀಜನ್ (ಯಾವ ದೇಶದ ಪ್ಲೇಯರ್‌ನಲ್ಲಿ ಓಡಬೇಕು ಅನ್ನುವ ಬೀಗ) ಇಲ್ಲ. ಬ್ಲೂ-ರೇಗೆ ಇದೆ. ಅಮೆರಿಕ ಎ, ಭಾರತ ಸಿ. ಎಲ್ಲಾ ರೀಜನ್‌ಗೂ ಮಾಡಿದ ಡಿಸ್ಕ್‌ಗಳು ಬೇಕಾದಷ್ಟಿವೆ, ತರಿಸುವ ಮೊದಲು ವಿಚಾರಿಸಿ. ಡಿವಿಡಿಯಲ್ಲಿ ಅಮೆರಿಕ 1, ನಾವು 5.

ನಮ್ಮ ಹಳೇ ಸಿನಿಮಾಗಳ ಫೈಟ್ ಹೀಗೆ ನೋಡೋದು ಯಾವಾಗ?

ಎಲ್ಲವೂ ನೆಗೆಟಿವ್ ಉಳಿದಿದೆಯಾ ಅನ್ನುವುದರ ಮೇಲೆ ನಿಂತಿದೆ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ಯನ್ನೇ ನೋಡಿ. 35 ಎಂಎಂನಲ್ಲಿ ತೆಗೆದು 70 ಎಂಎಂಗೆ ಹಿಗ್ಗಿಸಿದ ಸಿನಿಮಾ. ಅಷ್ಟು ದೊಡ್ಡ ಸಿನಿಮಾದ ಮೂಲ ನೆಗೆಟಿವ್ ಕೂಡ ಹಾಳಾಗಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರು ಬ್ರಿಟನ್ ಮತ್ತು ಮುಂಬೈಯಲ್ಲಿ ಸಿಕ್ಕ ಬೇರೆ ಪ್ರತಿಗಳಿಂದ ಅದನ್ನು ಮತ್ತೆ ಕಟ್ಟಿದರು. 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾದಲ್ಲಿ, ಸೆನ್ಸಾರ್‌ಗೆ ಮೊದಲಿದ್ದ ಕೊನೆಯೊಂದಿಗೆ, ಅದನ್ನು ತೋರಿಸಿದರು.

ಕನ್ನಡದಲ್ಲೂ ಆಗಿದೆ. ಫೈಟ್ ಸಿನಿಮಾ ಅಲ್ಲ, ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’. ಅದರ 4ಕೆ ಪ್ರತಿ 2024ರಲ್ಲಿ ವೆನಿಸ್‌ನಲ್ಲಿ ತೆರೆ ಕಂಡಿತು. ಎಪ್ಪತ್ತು, ಎಂಬತ್ತರ ದಶಕದ ನಮ್ಮ ಸಾಹಸ ಚಿತ್ರಗಳಿಗೂ ಇದೇ ಆರೈಕೆ ಸಿಗಬೇಕು. ಡೂಪ್ ಇಲ್ಲದೆ, ಹಗ್ಗ ಇಲ್ಲದೆ ಕುದುರೆಯಿಂದ ಬಿದ್ದವರ ಕೆಲಸವನ್ನು ನಾವು ಇವತ್ತು ಟಿವಿ ಚಾನೆಲ್‌ನ ಮಸುಕು ಪ್ರತಿಯಲ್ಲಿ ನೋಡುತ್ತಿದ್ದೇವೆ. ನನಗೆ ಅದು ನೋವಿನ ವಿಷಯ. ನಿಮ್ಮ ಊರಿನ ಹಳೆಯ ಟಾಕೀಸಿನ ಗೋದಾಮಿನಲ್ಲಿ, ವಿತರಕರ ಮನೆಯಲ್ಲಿ ಫಿಲ್ಮ್ ಡಬ್ಬ ಇದ್ದರೆ ಗುಜರಿಗೆ ಹಾಕಲು ಬಿಡಬೇಡಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಿಳಿಸಿ.

4ಕೆ ತಂದ ಮೇಲೆ ಹಳೇ ಡಿಸ್ಕ್ ಎಲ್ಲಾ ಮಾರಿಬಿಡಲಾ?

ಎರಡನ್ನೂ ನೋಡಿ ಹೋಲಿಸುವವರೆಗೂ ಮಾರಬೇಡಿ. ಹೊಸದರಲ್ಲಿ ಬಣ್ಣ ಬದಲಾಗಿರಬಹುದು, ಥಿಯೇಟರಿನ ಮೂಲ ಧ್ವನಿ ಬಿಟ್ಟಿರಬಹುದು. ನನ್ನ ‘ಮ್ಯಾಟ್ರಿಕ್ಸ್’ನ ಮೊದಲ ಡಿವಿಡಿ ಇನ್ನೂ ಕಪಾಟಿನಲ್ಲಿದೆ. ಡಿಸ್ಕ್‌ಗಳನ್ನು ಪುಸ್ತಕದ ಹಾಗೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಮಳೆಗಾಲದಲ್ಲಿ ಗೋಡೆಯ ಪಸೆ ತಾಗದ ಜಾಗ ನೋಡಿ. ಒರೆಸುವಾಗ ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತುಸುತ್ತಾಗಿ ಬೇಡ.